ಒಂದ್ಸಲ ನೋಡಿಬಿಡೋಣ

ನಮ್ಮ ಭಾವ ನಿವೃತ್ತರಾದ ವರ್ಷ ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು, ಸೀಟುಗಳನ್ನೆಲ್ಲ ಕೀಳಿಸಿ, ಅದರೊಳಗೆ ಸಂಸಾರ ಹೂಡಿಸಿದರು. ಎರಡು ಮಂಚ, ಒಂದು ಗ್ಯಾಸ್ ಒಲೆ, ಕೈ ತೊಳೆಯಲು ಹೋದರೆ ಮೊಣಕೈ ಗೋಡೆಗೆ ತಾಗುವಂಥ ಸಿಂಕು, ಹಿಂಬದಿಯ ಕಪಾಟಿನೊಳಗೆ 12 ವೋಲ್ಟಿನ ಒಂದು ಪುಟ್ಟ ಫ್ರಿಜ್ಜು. ಭಾವ ಅದನ್ನು ಕ್ಯಾರವಾನ್ ಎನ್ನುತ್ತಾರೆ. ಅಮ್ಮ ವ್ಯಾನು ಎನ್ನುತ್ತಾಳೆ. ಅಕ್ಕ, ಭಾವನ ಕಿವಿಗೆ ಬೀಳದಂತೆ, ‘ಅವರ ಚಿಕ್ಕಮನೆ’ ಎನ್ನುತ್ತಾಳೆ.

ಕಳೆದ ಏಪ್ರಿಲ್‌ನಲ್ಲಿ ಆ ಚಿಕ್ಕಮನೆಯಲ್ಲಿ ನಾವು ಐವರು ಮೊಳಕಾಲ್ಮೂರಿಗೆ ಹೊರಟೆವು. ನೆಪ, ಅಕ್ಕನ ಮಗಳ ಮದುವೆಯ ಸೀರೆ. ಮೊಳಕಾಲ್ಮೂರು ಸೀರೆ ಬೆಂಗಳೂರಿನಲ್ಲೂ ಸಿಗುತ್ತದೆ. ಆದರೆ ಮಗ್ಗದ ಮನೆಯಲ್ಲೇ ಕೂತು ಆರಿಸಬೇಕು ಎಂದು ಅಕ್ಕನ ಹಟ, ಗಾಡಿ ಓಡಿಸಲು ಏನಾದರೊಂದು ಕಾರಣ ಬೇಕು ಎಂದು ಭಾವನ ಹಟ. ಮದುಮಗಳಿಗೆ ರಜೆ ಸಿಗಲಿಲ್ಲ, ಅವಳ ತಮ್ಮ ಬಂದ. ಇಂಜಿನಿಯರಿಂಗ್ ಮೂರನೇ ವರ್ಷ. ಇದನ್ನು ಈಗಲೇ ಹೇಳಿಟ್ಟಿರುತ್ತೇನೆ, ಮುಂದೆ ಬೇಕಾಗುತ್ತದೆ.

ಫ್ರಿಜ್ಜಿನಲ್ಲಿದ್ದ ಸಾಮಾನು: ಎರಡು ಲೀಟರ್ ಹಾಲು, ಒಂದು ಡಬ್ಬಿ ಮೊಸರು, ಸೌತೆಕಾಯಿ, ಕೊತ್ತಂಬರಿ ಸೊಪ್ಪು, ಮತ್ತು ಅಮ್ಮನ ಇನ್ಸುಲಿನ್‌ನ ಎರಡು ಸೀಸೆ. ಒಂದು ಒಡೆದದ್ದು, ಒಂದು ಸೀಲು ತೆಗೆಯದ್ದು. ಸೀಲು ತೆಗೆಯದ ಸೀಸೆಯನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು ಎಂದು ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ. ಹಾಲು ಕೆಟ್ಟರೆ ಕರಿ ಚಹಾ ಕುಡಿಯಬಹುದು, ಇದಕ್ಕೆ ಬದಲಿ ಇಲ್ಲ. ಹಾಗಾಗಿ ಆ ಫ್ರಿಜ್ಜು ನಮಗೆ ಬರೀ ಫ್ರಿಜ್ಜಾಗಿರಲಿಲ್ಲ.

ಶಿರಾ ದಾಟುವವರೆಗೆ ಯಾವ ತಂಟೆಯೂ ಇರಲಿಲ್ಲ. ಹಿರಿಯೂರಿನಲ್ಲಿ ಊಟಕ್ಕೆ ನಿಂತಾಗ ಮಜ್ಜಿಗೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಭಾವ ಮೀಸೆ ಒರೆಸಿಕೊಂಡು ನಮ್ಮನ್ನೆಲ್ಲ ಒಮ್ಮೆ ನೋಡಿದರು. ಆ ನೋಟಕ್ಕೆ ಮರುದಿನ ಬೆಳಿಗ್ಗೆಯೇ ದೃಷ್ಟಿಯಾಯಿತು.

ಚಳ್ಳಕೆರೆಯಲ್ಲಿ ಪರಿಚಯದವರ ಮುಚ್ಚಿದ ಎಣ್ಣೆ ಮಿಲ್ಲಿನ ಅಂಗಳದಲ್ಲಿ ರಾತ್ರಿ ತಂಗಿದೆವು. ಒಂದು ಕಾಲಕ್ಕೆ ಈ ಊರನ್ನು ಎರಡನೇ ಮುಂಬೈ ಎನ್ನುತ್ತಿದ್ದರು. ಸುತ್ತಲ ಬಯಲಿನ ಶೇಂಗಾವೆಲ್ಲ ಇಲ್ಲಿಗೆ ಬಂದು ಎಣ್ಣೆಯಾಗಿ ಊರೂರಿಗೆ ಹೋಗುತ್ತಿತ್ತು. ಈಗ ಎಷ್ಟೋ ಮಿಲ್ಲುಗಳ ಗೇಟಿಗೆ ಬೀಗ ಬಿದ್ದಿದೆ. ಆದರೂ ಆ ಅಂಗಳದ ಮಣ್ಣಿಗೆ ಹಳೆಯ ಹಿಂಡಿಯ ವಾಸನೆ ಇತ್ತು. ಬೇವಿನ ಮರ, ಮೇಲೆ ಚುಕ್ಕಿ, ಹಗಲೆಲ್ಲ ಕಾದು ರಾತ್ರಿಯೂ ಬಿಸಿಯುಸಿರು ಬಿಡುವ ಕಲ್ಲಿನ ಗೋಡೆ. ಚೆನ್ನಾಗಿ ನಿದ್ದೆ ಬಂತು. ಬೆಳಿಗ್ಗೆ ಅಕ್ಕ ಹಾಲು ಕಾಯಿಸಿದರೆ ಪಾತ್ರೆಯಲ್ಲಿ ಹಾಲು ಒಂದು ಕಡೆ, ನೀರು ಒಂದು ಕಡೆ.

ಅಲ್ಲಿಂದ ಶುರುವಾಯಿತು.

ಭಾವ ಬಾಗಿಲು ತೆಗೆದು ಒಳಗೆ ಕೈಯಿಟ್ಟು, ‘ತಣ್ಣಗೇ ಇದೆಯಲ್ಲ’ ಎಂದರು. ಅಕ್ಕ ಕೈಯಿಟ್ಟು, ‘ಎಲ್ಲಿ ತಣ್ಣಗೆ?’ ಎಂದಳು. ಅಳಿಯ ಫೋನಿನ ಟಾರ್ಚು ಬಿಟ್ಟು ಒಳಗೆಲ್ಲ ನೋಡಿದ. ನಾನೂ ನೋಡಿದೆ, ಏನನ್ನು ನೋಡಬೇಕೆಂದು ಗೊತ್ತಿಲ್ಲದೆ. ಹತ್ತು ನಿಮಿಷ ಬಿಟ್ಟು ಭಾವ, ‘ಒಂದ್ಸಲ ನೋಡಿಬಿಡೋಣ’ ಎಂದು ಮತ್ತೆ ತೆಗೆದರು. ಅಷ್ಟರಲ್ಲಿ ಹೊರಗಿನ ಬಿಸಿಗಾಳಿ ಹೇಳದೆ ಕೇಳದೆ ಬರುವ ನೆಂಟನಂತೆ ನಾಲ್ಕು ಸಲ ಒಳಹೊಕ್ಕಿತ್ತು. ಚಳ್ಳಕೆರೆಯ ಏಪ್ರಿಲ್‌ನಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ತಗಡು ಮುಟ್ಟಲಾಗುವುದಿಲ್ಲ.

ನೆಟ್ಟಗಿರುವ ಫ್ರಿಜ್ಜನ್ನು ಯಾರೂ ನೋಡುವುದಿಲ್ಲ. ನಮ್ಮ ಮನೆಯ ಅಡುಗೆಮನೆಯಲ್ಲಿ ಹದಿನೆಂಟು ವರ್ಷದಿಂದ ಒಂದು ಗುರುಗುಡುತ್ತಿದೆ, ಅದರ ಬಣ್ಣ ಏನೆಂದು ಥಟ್ಟನೆ ಕೇಳಿದರೆ ನಾನು ತಡವರಿಸುತ್ತೇನೆ. ಅನುಮಾನ ಬಂದ ಫ್ರಿಜ್ಜಿಗೆ ಮಾತ್ರ ಗಳಿಗೆಗೊಬ್ಬ ಕಾವಲುಗಾರ. ನೋಡಿದಷ್ಟೂ ಅದು ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಅನುಮಾನ ಬಲಿಯುತ್ತದೆ. ಪ್ರತಿ ಮನೆಯಲ್ಲೂ ಹೀಗೊಬ್ಬ ಚಿಕ್ಕಪ್ಪನೋ ಭಾವಮೈದುನನೋ ಇರುತ್ತಾನೆ. ಅವನು ಕೈಕೊಡುತ್ತಾನೆ ಎಂದು ಎಲ್ಲರೂ ಕಾಯುತ್ತಿರುತ್ತಾರೆ, ಅವನೂ ಯಾರನ್ನೂ ನಿರಾಸೆ ಮಾಡುವುದಿಲ್ಲ. ಭಾವಮೈದುನ ಎಂದಾಗ ಭಾವ ನನ್ನ ಕಡೆ ನೋಡಬಹುದು, ಇರಲಿ.

ಇನ್ನು ರೋಗ ನಿದಾನ. ಭಾವನ ಪ್ರಕಾರ ಗ್ಯಾಸು ಸೋರಿದೆ. ಅಕ್ಕನ ಪ್ರಕಾರ ಬಾಗಿಲ ರಬ್ಬರು ಸರಿಯಾಗಿ ಕೂರುತ್ತಿಲ್ಲ. ಅವಳು ಹತ್ತು ರೂಪಾಯಿಯ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೆದು ತೋರಿಸಿದಳು. ನೋಟು ಬಿಗಿಯಾಗಿಯೇ ಬಂತು, ಒಂದು ಮೂಲೆ ಹರಿದೂ ಬಂತು. ಮಿಲ್ಲಿನ ಕಾವಲುಗಾರ, ಕೇಳದಿದ್ದರೂ, ‘ಅರ್ತು ಸರಿ ಇಲ್ಲ ಬುಡಿ’ ಎಂದ. ನಮ್ಮ ನಾಡಿನಲ್ಲಿ ಯಾವ ವಿದ್ಯುತ್ ಯಂತ್ರ ನಿಂತರೂ ಒಬ್ಬರಾದರೂ ಅರ್ತಿನ ಮಾತೆತ್ತದೆ ಇರುವುದಿಲ್ಲ. ಅಳಿಯ ತನ್ನ ಡಿಜಿಟಲ್ ಮೀಟರ್ ತೆಗೆದು ವೈರಿನ ತುದಿಗೆ ಹಿಡಿದ. 12.6 ವೋಲ್ಟ್. ‘ಕರೆಂಟು ಪರ್ಫೆಕ್ಟ್, ಪ್ರಾಬ್ಲಂ ಒಳಗಿದೆ’ ಎಂದು ತೀರ್ಪು ಕೊಟ್ಟ. ಮೂರು ವರ್ಷದ ಫೀಸು ಕಟ್ಟಿದ ಭಾವ ಆ ತೀರ್ಪನ್ನು ಒಪ್ಪಿಕೊಂಡರು. ಒಳಗೇ ತೊಂದರೆ ಎಂದಮೇಲೆ ಇನ್ನೇನು ಮಾಡುವುದು? ತಂಪಿನ ಗುಂಡಿಯನ್ನು ಮೂರರಿಂದ ಐದಕ್ಕೆ ತಿರುಗಿಸಿದರು. ಅವರು ಆಚೆ ಹೋದಾಗ ಅಕ್ಕ ಆರಕ್ಕೆ ತಿರುಗಿಸಿದಳು. ಕೊನೆಗೆ ಏಳಕ್ಕೆ ತಿರುಗಿಸಿದವನು ನಾನು. ಅದರಾಚೆಗೆ ಅಂಕಿ ಇರಲಿಲ್ಲ.

ಗಾಡಿಗೆ ಫ್ರಿಜ್ಜು ಹಾಕಿಸುವಾಗ ಭಾವನ ಮನಸ್ಸಿನಲ್ಲಿದ್ದದ್ದು ಬೇರೆಯೇ. ಹೊರದೇಶದ ಕ್ಯಾರವಾನುಗಳಲ್ಲಿ ಅಡುಗೆ ಅನಿಲದಿಂದಲೂ ನಡೆಯುವ ಫ್ರಿಜ್ಜು ಇರುತ್ತದೆ. ಸಣ್ಣ ಜ್ವಾಲೆಯೊಂದು ಅಮೋನಿಯಾ ಬೆರೆತ ನೀರನ್ನು ಕಾಯಿಸುತ್ತದೆ, ಅಮೋನಿಯಾ ಆವಿಯಾಗಿ ಹೊರಟು, ತಣಿದು ದ್ರವವಾಗಿ, ಮತ್ತೆ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಕಾವನ್ನು ಹೀರುತ್ತದೆ. ಮೋಟಾರಿಲ್ಲ, ಸದ್ದಿಲ್ಲ. 1922ರಲ್ಲಿ ಸ್ಟಾಕ್‌ಹೋಮಿನ ಇಬ್ಬರು ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಪ್ಲಾಟೆನ್ ಮತ್ತು ಮುಂಟರ್ಸ್, ಇದನ್ನು ಮಾಡಿ ತೋರಿಸಿದರು. ಸ್ವತಃ ಐನ್‌ಸ್ಟೀನ್ ಕೂಡ ಶಿಷ್ಯಪ್ರಾಯದ ಗೆಳೆಯ ಝಿಲಾರ್ಡ್ ಜೊತೆ ಸೇರಿ ಚಲಿಸುವ ಭಾಗವೇ ಇಲ್ಲದ ಫ್ರಿಜ್ಜು ರೂಪಿಸಿ, 1930ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಅದು ಅಂಗಡಿ ಕಾಣಲಿಲ್ಲ ಅನ್ನುವುದು ಬೇರೆ ಮಾತು. ಇದನ್ನೆಲ್ಲ ಭಾವ ಒಂದು ಸಂಜೆ ನಮಗೆ ಬಿಡಿಸಿ ಹೇಳಿದ್ದರು. ಅಮ್ಮ ಕೊನೆಯವರೆಗೂ ಕೇಳಿ, ‘ಬೆಂಕಿ ಹಚ್ಚಿ ತಂಪು ಮಾಡ್ತಾರಾ? ಆ ಬೆಂಕಿ ಪಕ್ಕದಲ್ಲಿ ರಾತ್ರಿ ನಾವು ಮಲಗಬೇಕಾ?’ ಎಂದಳು. ಅಲ್ಲಿಗೆ ಐನ್‌ಸ್ಟೀನ್ ಸೋತ. ಮೇಲಾಗಿ ಆ ಫ್ರಿಜ್ಜಿಗೆ ಗಾಡಿ ಮಟ್ಟಸವಾದ ನೆಲದಲ್ಲಿ ನಿಂತಿರಬೇಕು, ಓರೆಯಾದರೆ ಒಳಗಿನ ದ್ರವ ಹರಿಯುವುದಿಲ್ಲ. ಮಟ್ಟಸವಾದ ನೆಲ ಹುಡುಕಿಕೊಂಡು ತಿರುಗುವವರು ತಿರುಗಾಟಕ್ಕೆ ಹೊರಡಬಾರದು. ಹೀಗೆ ಬ್ಯಾಟರಿಯ ಕಂಪ್ರೆಸರ್ ಫ್ರಿಜ್ಜು ಬಂತು.

ಎರಡನೇ ದಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ದರ್ಶನಕ್ಕೆ ಹೋಗಿಬಂದೆವು. ದಾರಿಯಲ್ಲಿ ಕುದಾಪುರ. ಅಮೃತಮಹಲ್ ದನಗಳು ಮೇಯುತ್ತಿದ್ದ ಕಾವಲಿನಲ್ಲಿ ಈಗ ಬೇಲಿಯೋ ಬೇಲಿ. ಒಂದು ಬೇಲಿಯೊಳಗೆ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣ, ಇನ್ನೊಂದರಲ್ಲಿ ಅಣುಶಕ್ತಿಯವರು, ಮತ್ತೊಂದರಲ್ಲಿ ಡಿಆರ್‌ಡಿಒದವರು 2017ರಲ್ಲಿ ಶುರುಮಾಡಿದ, ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸಿ ನೋಡುವ ಬಯಲು. ದೇಶದ ಇಷ್ಟೊಂದು ವಿಜ್ಞಾನ ಎಡಬಲಕ್ಕಿರುವಾಗ ನಡುವೆ ನಾವು ಮೊಸರು ಹುಳಿಯಾಗುತ್ತದೆಂದು ಹೆದರಿಕೊಂಡು ಹೋಗುತ್ತಿದ್ದೆವು. ವಿಚಿತ್ರವೆಂದರೆ ದೇವಸ್ಥಾನದ ಬಳಿ ನಿಲ್ಲಿಸಿ ತೆಗೆದು ನೋಡಿದರೆ ಒಳಗೆ ಜುಮ್ಮೆನ್ನುವ ತಂಪು! ಭಾವ ಸ್ವಾಮಿಗೆ ಇನ್ನೊಂದು ಕೈ ಮುಗಿದು ಬಂದರು. ಮತ್ತೆ ಮಿಲ್ಲಿನ ಅಂಗಳಕ್ಕೆ ಬಂದು ನಿಂತು ಎರಡು ತಾಸಾಗುವುದರೊಳಗೆ ಫ್ರಿಜ್ಜು ಸದ್ದು ಅಡಗಿಸಿ ಕೂತಿತು. ಗಾಡಿ ಓಡುವಾಗ ಗಂಡ, ನಿಂತರೆ ಮುನಿಸಿಕೊಂಡ ಹೆಂಡತಿ. ಈ ಹೋಲಿಕೆ ಭಾವನದು, ಅಕ್ಕ ಅದನ್ನು ತಿರುಗಿಸಿ ಹೇಳಿದಳು.

ಅಮ್ಮ ಇಷ್ಟು ಹೊತ್ತೂ ಒಂದು ಮಾತಾಡಿರಲಿಲ್ಲ. ಅವಳ ತವರು ಹಿರಿಯೂರಿನ ಕಡೆ, ಈ ಬಿಸಿಲು ಅವಳಿಗೆ ಹಳೆಯ ನೆಂಟು. ನನ್ನನ್ನು ಪೇಟೆಗೆ ಕರೆದುಕೊಂಡು ಹೋಗಿ, ಹತ್ತು ಮಡಕೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಒಂದು ದೊಡ್ಡದು ಒಂದು ಸಣ್ಣದು ಕೊಂಡಳು. ದೊಡ್ಡದರ ತಳಕ್ಕೆ ಮರಳು, ಅದರ ಮೇಲೆ ಸಣ್ಣದು, ಸಂದಿಗೆ ಮತ್ತೆ ಮರಳು, ಮರಳಿಗೆ ನೀರು, ಮೇಲೊಂದು ಒದ್ದೆ ಬಟ್ಟೆ. ಇನ್ಸುಲಿನ್ ಸೀಸೆಗಳು ಪ್ಲಾಸ್ಟಿಕ್ ಚೀಲ ಸೇರಿ ಸಣ್ಣ ಮಡಕೆಯೊಳಗೆ ಇಳಿದವು. ಔಷಧಿ ಅಂಗಡಿಯವನನ್ನು ಕೇಳಿಕೊಂಡೇ ಬಂದಿದ್ದಳು: ಫ್ರಿಜ್ಜಿನಷ್ಟು ತಣ್ಣಗಿಲ್ಲದಿದ್ದರೂ ನಡೆಯುತ್ತದೆ, 25 ಡಿಗ್ರಿ ಆಸುಪಾಸಿನಲ್ಲಿದ್ದರೆ ನಾಲ್ಕು ವಾರದೊಳಗೆ ಬಳಸಿ ಮುಗಿಸಿ, ಬಿಸಿಲಿಗೆ ಮಾತ್ರ ಇಡಬೇಡಿ. ಹವೆ ಒಣಗಿದಷ್ಟೂ ನೀರು ಬೇಗ ಆರುತ್ತದೆ, ಆರುವಾಗ ಮಡಕೆಯ ಕಾವನ್ನು ಕೊಂಡೊಯ್ಯುತ್ತದೆ. ಕರಾವಳಿಯಲ್ಲಾಗಿದ್ದರೆ ಈ ಮಡಕೆ ಬೆವರುತ್ತ ಕೂರುತ್ತಿತ್ತು, ಅಷ್ಟೆ. ರಾಜ್ಯದಲ್ಲೇ ಮಳೆ ತೀರ ಕಡಿಮೆ ಬೀಳುವ ಸೀಮೆಗೆ ಇದೊಂದು ಅನುಕೂಲ. ಹಾಗೆಂದು ಮಡಕೆಯ ಮಹಿಮೆ ಹಾಡಲು ನಾನು ತಯಾರಿಲ್ಲ. ಮೊದಲ ತಿರುವಿನಲ್ಲೇ ಅದು ಓಲಾಡಿ ನನ್ನ ಹಾಸಿಗೆಯನ್ನು ತೋಯಿಸಿತು. ಒದ್ದೆ ಮರಳಿನ ಹಾಸಿಗೆಯಲ್ಲಿ ಮಲಗಿದವರು ಯಾರೂ ಪ್ರಾಚೀನ ಜ್ಞಾನದ ಬಗ್ಗೆ ಲೇಖನ ಬರೆದಿರಲಾರರು.

ಸಂಜೆ ಹೆದ್ದಾರಿ ಬದಿಯ ಆಟೋ ಎಲೆಕ್ಟ್ರಿಷಿಯನ್ ಅಂಗಡಿಗೆ ಹೋದೆವು. ಮುಂದೆ ಎರಡು ಟ್ರಾಕ್ಟರು, ಒಂದು ಬೋರ್‌ವೆಲ್ ಲಾರಿ. ಆತನಿಗೆ ಮೂವತ್ತೈದು ಇದ್ದೀತು, ಕಿವಿಯ ಮೇಲೆ ಸ್ಕ್ರೂಡ್ರೈವರ್. ‘ಫ್ರಿಜ್ಜು ನಾ ಮಾಡಲ್ಲ ಸಾರ್’ ಎಂದ. ಅಳಿಯ ಮೀಟರ್ ಮುಂದೆ ಮಾಡಿ 12.6 ಎಂದ. ಆತ ಮೀಟರನ್ನು ನೋಡಿದ, ಅಳಿಯನನ್ನು ನೋಡಿದ, ಎದ್ದು ಬಂದ.

ಫ್ರಿಜ್ಜಿನ ಬಾಗಿಲನ್ನು ಆತ ತೆಗೆಯಲೇ ಇಲ್ಲ. ಇದು ನನಗೆ ಮೊದಲು ಕಂಡ ಸಂಗತಿ. ಎರಡು ದಿನದಲ್ಲಿ ಆ ಬಾಗಿಲು ತೆಗೆಯದ ಮೊದಲ ಮನುಷ್ಯ. ಹಿಂಬದಿಯ ಹಲಗೆ ಬಿಚ್ಚಿ ತಲೆ ತೂರಿಸಿದ. ವೈರು ಕಳಚಿ, ಅದರ ತುದಿಗೆ ಟ್ರಾಕ್ಟರಿನ ಹೆಡ್‌ಲೈಟಿನ ಒಂದು ಬಲ್ಬನ್ನು ಸಿಕ್ಕಿಸಿದ. ಬಲ್ಬು ಹತ್ತಿತು, ಆದರೆ ಸೀಮೆಎಣ್ಣೆ ಬುಡ್ಡಿಯ ಹಾಗೆ, ಕೆಂಪಗೆ. ‘ಈಗ ಹಿಡೀರಿ ನಿಮ್ ಮೀಟ್ರು.’ 10.7.

‘ಸುಮ್ನೆ ಕುಂತೋನ್ನ ಕೇಳಿದ್ರೆ ಕ್ವಿಂಟಾಲ್ ಹೊರ್ತೀನಿ ಅಂತಾನೆ ಸಾರ್. ಮೂಟೆ ಬೆನ್ನ ಮ್ಯಾಲಿಡ್ಬೇಕು, ಆವಾಗ ಗೊತ್ತಾಗ್ತೈತೆ’ ಎಂದ.

ಆಮೇಲೆ ಆತ ಮಾಡಿದ್ದು ಇಷ್ಟೆ. ಬಲ್ಬು ಉರಿಯುತ್ತಿರುವಾಗಲೇ ವೈರಿನ ಉದ್ದಕ್ಕೂ ಎರಡು ಬೆರಳಿನಲ್ಲಿ ಸವರುತ್ತ ಬಂದ, ದಾರದಲ್ಲಿ ಗಂಟು ಹುಡುಕುವ ನೇಕಾರನ ಹಾಗೆ. ಬ್ಯಾಟರಿಯ ಹತ್ತಿರದ ಫ್ಯೂಸ್ ಹೋಲ್ಡರ್ ಮೇಲೆ ಬೆರಳು ನಿಂತಿತು. ‘ಮುಟ್ರಿ.’ ಮುಟ್ಟಿದೆ. ಸುಡುತ್ತಿತ್ತು. ಬಿಚ್ಚಿದರೆ ಒಳಗಿನ ಪ್ಲಾಸ್ಟಿಕ್ ಕರಗಿ, ಲಗ್ಗು ಸಡಿಲಾಗಿ, ತಾಮ್ರದ ತುದಿ ಹಸಿರು ಕಟ್ಟಿತ್ತು. ವೈರೂ ತೆಳ್ಳಗೆ, ಒಂದೂವರೆ ಎಂ.ಎಂ.ನದು, ಬ್ಯಾಟರಿಯಿಂದ ಫ್ರಿಜ್ಜಿಗೆ ಗಾಡಿಯನ್ನೆಲ್ಲ ಸುತ್ತಿಕೊಂಡು ಹೋಗಿತ್ತು. ಮೋಟಾರು ಏಳಬೇಕೆಂದು ಕರೆಂಟು ಎಳೆದಾಗಲೆಲ್ಲ ಎರಡು ವೋಲ್ಟಿನಷ್ಟು ದಾರಿಯಲ್ಲೇ ಬಿಸಿಯಾಗಿ ಕಳೆದುಹೋಗುತ್ತಿತ್ತು. ಬ್ಯಾಟರಿ ಬತ್ತಿದೆ ಎಂದು ತಿಳಿದು ಫ್ರಿಜ್ಜು ತಾನಾಗಿ ಆಫ್ ಆಗುತ್ತಿತ್ತು. ಇಂಜಿನ್ ಓಡುವಾಗ ಡೈನಮೊ 14 ವೋಲ್ಟ್ ಕೊಡುತ್ತದೆ, ಎರಡು ಸೋರಿದರೂ ಹನ್ನೆರಡು ಉಳಿಯುತ್ತದೆ. ತಿಪ್ಪೇರುದ್ರಸ್ವಾಮಿಯ ಮಹಿಮೆಯ ಲೆಕ್ಕ ಅದು. ನಾವು ಎರಡು ದಿನ ತಂಪು ಎಲ್ಲಿ ಹೋಯಿತು ಎಂದು ಹುಡುಕಿದ್ದೆವು, ಆತ ಕಾವು ಎಲ್ಲಿದೆ ಎಂದು ಹುಡುಕಿದ.

ಇನ್ನೂ ಒಂದು ಇತ್ತು. ಹಲಗೆಯ ಹಿಂದೆ, ಕಂಪ್ರೆಸರ್ ಪಕ್ಕದ ಪುಟ್ಟ ಡಬ್ಬಿಯಲ್ಲಿ ಒಂದು ಕೆಂಪು ಚುಕ್ಕಿ ದೀಪ. ಒಮ್ಮೆ ಮಿಟುಕಿ ಸುಮ್ಮನಾಗುವುದು, ಮತ್ತೆ ಒಮ್ಮೆ ಮಿಟುಕುವುದು. ಪುಸ್ತಕ ತೆಗೆದು ನೋಡಿದರೆ, ಎಷ್ಟು ಸಲ ಮಿಟುಕಿದರೆ ಯಾವ ಕಾಯಿಲೆ ಎಂದು ಪಟ್ಟಿಯೇ ಇತ್ತು. ಒಂದು ಸಲ ಎಂದರೆ, ವೋಲ್ಟೇಜ್ ಸಾಲದು. ಪಾಪ, ಅದು ಎರಡು ದಿನದಿಂದ ಕತ್ತಲಲ್ಲಿ ಕೂತು ಒಂದೇ ಮಾತು ಹೇಳುತ್ತಿತ್ತು. ನಾವು ಮುಂದಿನ ಬಾಗಿಲನ್ನೇ ತೆಗೆತೆಗೆದು ನೋಡುತ್ತಿದ್ದೆವು.

ದಪ್ಪ ವೈರು ಎಳೆದು, ಹೊಸ ಹೋಲ್ಡರ್ ಕೂರಿಸಿ, ಲಗ್ಗುಗಳಿಗೆ ಬೆಸುಗೆ ಹಾಕಿ, ಹಿಂಬದಿಯ ಹಲಗೆಗೆ ಗಾಳಿ ಆಡಲು ಎಂಟು ತೂತು ಕೊರೆದು ಆತ ಕೇಳಿದ ದುಡ್ಡು ಹೇಳಿದರೆ ಬೆಂಗಳೂರಿನವರು ನಂಬುವುದಿಲ್ಲ. ಭಾವ ಇನ್ನೂರು ಹೆಚ್ಚಿಗೆ ಕೊಟ್ಟರು. ಆತ ನೂರು ವಾಪಸು ಕೊಟ್ಟ.

ಆ ರಾತ್ರಿ ಫ್ರಿಜ್ಜು ಒಂದೇ ಸಮ ಹಾಡಿತು. ಬೆಳಿಗ್ಗೆ ಬಾಗಿಲು ತೆಗೆದರೆ ಸೌತೆಕಾಯಿ ಒನಕೆಯ ತುಂಡು, ಕೊತ್ತಂಬರಿ ಗಾಜಿನ ಚೂರು, ಮೊಸರಿನ ಡಬ್ಬಿಯನ್ನು ಬೋರಲು ಹಾಕಿದರೂ ಒಂದು ಹನಿ ಬೀಳಲಿಲ್ಲ. ಗುಂಡಿ ಏಳರಲ್ಲೇ ಇತ್ತು! ಕರೆಂಟು ಸಾಲದ ಕಾಲದಲ್ಲಿ ನಾವು ಮೂವರು ಗುಟ್ಟಾಗಿ ತಿರುಗಿಸಿದ್ದು ಕರೆಂಟು ಬಂದ ಮೇಲೆ ನಮ್ಮ ಮೇಲೇ ತಿರುಗಿತ್ತು. ಇನ್ಸುಲಿನ್ ಅದರೊಳಗಿದ್ದಿದ್ದರೆ ಮುಗಿದೇ ಹೋಗಿತ್ತು. ಬಿಸಿಯನ್ನಾದರೂ ಅದು ಸ್ವಲ್ಪ ತಾಳುತ್ತದೆ, ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಕೆಲಸಕ್ಕೆ ಬಾರದು. ರಿಪೇರಿಯಾದ ಮೇಲೆ ಭಾವ ಸೀಸೆಗಳನ್ನು ಒಳಗಿಡಲು ಹೋದಾಗ ಅಮ್ಮ, ‘ಒಂದು ರಾತ್ರಿ ಅದು ಹೇಗಿರುತ್ತೋ ನೋಡಿ, ಆಮೇಲೆ ಇಡಿ’ ಎಂದಿದ್ದಳು. ಹೊಸ ಅಳಿಯನ ವಿಷಯದಲ್ಲೂ ಅವಳು ಹೀಗೇ ಮಾಡಿದ್ದಳೇ ಎಂದು ಭಾವನನ್ನು ಕೇಳಬೇಕೆನಿಸಿತು, ಕೇಳಲಿಲ್ಲ.

ತಳಕು, ಬಿ.ಜಿ. ಕೆರೆ, ಹಾನಗಲ್ ದಾಟಿ ಮೊಳಕಾಲ್ಮೂರು. ಸೀರೆಗೆ ಮೊದಲು ಅಶೋಕ ಸಿದ್ದಾಪುರಕ್ಕೆ ಹೋಗೋಣವೆಂದು ನಾನು ಹಟ ಹಿಡಿದೆ. ಅಲ್ಲಿನ ಬ್ರಹ್ಮಗಿರಿಯ ಅಶೋಕನ ಬಂಡೆಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಹಚ್ಚಿದರು. ಸುವರ್ಣಗಿರಿಯ ರಾಜಕುಮಾರ ಇಸಿಲದ ಅಧಿಕಾರಿಗಳಿಗೆ ಕಳಿಸಿದ ಸಂದೇಶ ಅದು, ಮೊದಲು ಅವರ ಆರೋಗ್ಯ ವಿಚಾರಿಸುತ್ತದೆ. ‘ಕ್ಷೇಮ, ಕ್ಷೇಮಕ್ಕೆ ಬರೆಯಿರಿ’ ಎನ್ನುವ ನಮ್ಮ ಹಳೆಯ ಕಾಗದಗಳ ಪೂರ್ವಜ. ಅದರಲ್ಲಿ 256 ಎಂಬ ಅಂಕಿ ಬರುತ್ತದೆ. ಚಕ್ರವರ್ತಿ ಸಂಚಾರದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದೆಂದು ವಿದ್ವಾಂಸರು ಹೇಳುತ್ತಾರೆ. ಇನ್ನೂರ ಐವತ್ತಾರು ರಾತ್ರಿ! ನಮಗೆ ಒಂದಕ್ಕೇ ಹಾಲು ಒಡೆದಿತ್ತು. ತಂದೆತಾಯಿಯ ಮಾತು ಕೇಳಬೇಕು ಎಂದೂ ಅಲ್ಲಿ ಕೆತ್ತಿದೆ ಎಂದು ಹೇಳಿದಾಗ ಅಮ್ಮ ಬಂಡೆಯ ಕಡೆ ಮೆಚ್ಚುಗೆಯಿಂದ ನೋಡಿ, ‘ಕಲ್ಲಲ್ಲಿ ಬರೆಸಿದರೂ ಕೇಳಲಿಲ್ಲವಲ್ಲ ಜನ’ ಎಂದಳು.

ನೇಕಾರರ ಮನೆಯೊಳಗೆ ಕಾಲಿಟ್ಟಾಗ ಮೂರು ದಿನದಲ್ಲಿ ಮೊದಲ ಬಾರಿಗೆ ನಿಜವಾದ ತಂಪು ತಾಗಿತು. ದಪ್ಪ ಗೋಡೆ, ಅರೆಗತ್ತಲು, ಕುಣಿಮಗ್ಗ. ಕುಣಿಯಲ್ಲಿ ಮೊಣಕಾಲವರೆಗೆ ಕಾಲು ಇಳಿಬಿಟ್ಟು ಕೂತಿದ್ದ ಹಿರಿಯರೊಬ್ಬರು ಪಾದದಲ್ಲಿ ಮಣೆ ಒತ್ತುತ್ತ, ಲಾಳಿ ಆಚೀಚೆ ಹಾಯಿಸುತ್ತ, ನಮ್ಮತ್ತ ನೋಡದೆಯೇ ‘ಬರ್ರಿ’ ಎಂದರು. ನೇಯ್ಗೆಯ ಬದಿಯಲ್ಲಿ ಒಂದು ಎಳೆ ಕಡಿದಿತ್ತು. ಅವರು ಹುಡುಕಲಿಲ್ಲ, ಬೆರಳು ನೇರ ಅಲ್ಲಿಗೇ ಹೋಯಿತು, ಎರಡು ತುದಿ ಹಿಡಿದು ಹೊಸೆದು ಬಿಟ್ಟರು. 2011ರಲ್ಲಿ ಈ ಸೀರೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಅದಕ್ಕೂ ಈ ಬೆರಳಿಗೂ ಏನಾದರೂ ಲೇವಾದೇವಿ ನಡೆದಿದೆಯೇ ಎಂದು ಕೇಳಲು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಕ್ಕ ಏಳು ಸೀರೆ ಹರವಿಸಿ, ಮಗಳಿಗೆ ವಿಡಿಯೋ ಕರೆ ಮಾಡಿ, ಮಾವಿನ ಬಣ್ಣವೋ ದಾಳಿಂಬೆ ಬಣ್ಣವೋ ಎಂಬ ಚರ್ಚೆ ಎಬ್ಬಿಸಿದ್ದಳು. ದಾಳಿಂಬೆ ಗೆದ್ದಿತು.

ವಾಪಸು ಬರುವಾಗ ಗುಂಡಿ ಮೂರರಲ್ಲಿತ್ತು. ಇನ್ಸುಲಿನ್ ಒಳಗಿತ್ತು. ಮಡಕೆ ಖಾಲಿಯಾಗಿ ನನ್ನ ಕಾಲ ಬಳಿ ಉರುಳಾಡುತ್ತಿತ್ತು. ಚಳ್ಳಕೆರೆ, ಹಿರಿಯೂರು ಹಿಂದೆ ಬಿದ್ದವು. ಯಾರೂ ಫ್ರಿಜ್ಜಿನ ಸುದ್ದಿ ಎತ್ತಲಿಲ್ಲ. ಎತ್ತಬಾರದು ಎಂದು ಎಲ್ಲರೂ ಗಟ್ಟಿ ಮಾಡಿಕೊಂಡಿದ್ದೆವು. ಶಿರಾದ ಬಳಿ ಚಹಾಕ್ಕೆ ನಿಂತಾಗ ಕತ್ತಲಾಗಿತ್ತು. ಇಂಜಿನ್ ಆಫ್ ಆಯಿತು. ಹಿಂದಿನಿಂದ ಗುರುಗುರು ಸದ್ದು ಕೇಳಿಸಿತು, ಆಮೇಲೆ ನಿಂತಿತು. ಥರ್ಮೋಸ್ಟಾಟ್ ನಿಲ್ಲಿಸಿರಬೇಕು, ತಂಪು ಸಾಕಾದಾಗ ಅದು ನಿಲ್ಲಲೇಬೇಕು, ಅದು ಆರೋಗ್ಯದ ಲಕ್ಷಣ. ಹಾಗೆಂದು ನಾಲ್ವರೂ ಒಬ್ಬರಿಗೊಬ್ಬರು ಹೇಳಿಕೊಂಡೆವು. ಚಹಾ ಆರುತ್ತಿತ್ತು. ಭಾವ ಲೋಟದ ಅಂಚನ್ನೇ ನೋಡುತ್ತ ಕೂತಿದ್ದರು.

ಮಂಚದ ಮೇಲೆ ಮಲಗಿದ್ದ ಅಮ್ಮ ಕಣ್ಣು ಬಿಡದೆಯೇ ಹೇಳಿದಳು: ‘ಒಂದ್ಸಲ ನೋಡಿಬಿಡಿ. ಇಲ್ಲದಿದ್ದರೆ ನೀವು ಗಾಡಿ ನೆಟ್ಟಗೆ ಓಡಿಸಲ್ಲ.’